ಮುಟ್ಟಿ ನೋಡಿದವರಿಗೆಲ್ಲ ಧನ್ಯವಾದ

ತಿರುಗುವ, ಅಲುಗುವ ಬೆಳ್ಳಿ ಒಡವೆಗಳ ನನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ನಿನ್ನೆ ಮುಗಿಯಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟರೆ ತಿರುಗುವ ಉಂಗುರಕ್ಕೂ ತಿರುಗದ ಉಂಗುರಕ್ಕೂ ಏನು ವ್ಯತ್ಯಾಸ? ಅದಕ್ಕೇ ಎಲ್ಲವನ್ನೂ ಮೇಜಿನ ಮೇಲೆ ಹರಡಿ ‘ಮುಟ್ಟಿ, ಆಡಿಸಿ’ ಎಂದು ಬರೆದಿಟ್ಟಿದ್ದೆ. ದೊಡ್ಡವರು ಒಮ್ಮೆ ಆಚೀಚೆ ನೋಡಿ ಕೈ ಹಾಕಿದಿರಿ. ಮಕ್ಕಳು ಬರಹ ಓದುವ ಗೋಜಿಗೇ ಹೋಗಲಿಲ್ಲ. ಅಷ್ಟು ಕೈಗಳು ಆಡಿಸಿದರೂ ಒಂದು ಕೀಲೂ ಕಳಚಲಿಲ್ಲ. ಅದರ ಹಿಂದಿರುವವರಿಗೆ ಎಲ್ಲರೆದುರು ನಾಲ್ಕು ಮಾತು ಹೇಳಲೇಬೇಕು.

ಮೊದಲು ನಮ್ಮ ಮೇಷ್ಟ್ರಿಗೆ. ‘ಬೆಸೆಯೋದು ಆಮೇಲೆ, ಮೊದಲು ಬೆಸೀದೇ ಬಿಡೋದು ಕಲಿ’ ಎಂದವರು ಅವರು. ಡಬ್ಬಿಯಂತೆ ತೆರೆಯುವ ಲಾಕೆಟ್ಟಿಗೆ ಕೀಲು ಕೂರಿಸುವಾಗ ಮೂರು ಸಣ್ಣ ಕೊಳವೆ ತುಂಡುಗಳನ್ನು ಸಾಲಾಗಿ ಇಡುತ್ತೇವೆ. ಅಂಚಿನವೆರಡು ಡಬ್ಬಿಗೆ, ನಡುವಿನದು ಮುಚ್ಚಳಕ್ಕೆ. ಕರಗಿದ ಬೆಸುಗೆ ಕೂದಲೆಳೆಯಷ್ಟು ಆಚೆ ಹರಿದರೂ ಮೂರೂ ಒಂದಕ್ಕೊಂದು ಅಂಟಿ, ಲಾಕೆಟ್ ಮತ್ತೆ ಬಾಯಿ ಬಿಡುವುದಿಲ್ಲ. ಹರಿಯಬಾರದ ಕಡೆ ಕಾವಿಮಣ್ಣು ಕಲಸಿ ಹಚ್ಚುವುದು, ಬೆಸುಗೆ ಹರಿಯಲು ನೆರವಾಗುವ ಬಿಳಿಗಾರವನ್ನು ಬೇಕಾದಲ್ಲಿಗಷ್ಟೇ ತಾಗಿಸುವುದು, ಉರಿಯನ್ನು ಒಂದೇ ಕಡೆ ನಿಲ್ಲಿಸದಿರುವುದು, ಎಲ್ಲವನ್ನೂ ಪಕ್ಕದಲ್ಲೇ ಕೂತು ತಾಳ್ಮೆಯಿಂದ ಕಲಿಸಿದಿರಿ ಸರ್. (ಸುಳ್ಳೇಕೆ, ಬೈದೂ ಕಲಿಸಿದಿರಿ.)

ಗಡಿಯಾರ ರಿಪೇರಿ ಮಾಡುವ ಅಣ್ಣನಿಗೆ ನಾನು ತುಂಬಾ ಋಣಿ. ಎರಡು ತಗಡುಗಳನ್ನು ಹಿಡಿದಿಡುವ ರಿವೆಟ್ ಮೊಳೆ ಬಡಿಯುವಾಗ ಅವುಗಳ ನಡುವೆ ಕಾಗದದ ಚೂರು ಇಟ್ಟು, ಬಡಿದಾದ ಮೇಲೆ ಎಳೆದು ತೆಗೆಯಬೇಕೆಂದು ತೋರಿಸಿಕೊಟ್ಟದ್ದು ಅವರೇ. ಕಾಗದದ ದಪ್ಪದಷ್ಟು ಸಂದು ಉಳಿಯುತ್ತದೆ, ತಗಡು ಸಲೀಸಾಗಿ ತಿರುಗುತ್ತದೆ. ನನ್ನ ಪದಕದ ಹಕ್ಕಿಯ ರೆಕ್ಕೆ ತಾನಾಗಿ ಹಿಂದಕ್ಕೆ ಬರಬೇಕಾದರೆ ಸ್ಪ್ರಿಂಗಿನ ತಂತಿಯಲ್ಲಿ ಗಡಸು ಇರಬೇಕು, ಉರಿ ತಾಗಿದ ಬೆಳ್ಳಿ ಮೆತ್ತಗಾಗುತ್ತದೆ. ಆದ್ದರಿಂದ ಸ್ಪ್ರಿಂಗನ್ನು ಎಲ್ಲ ಬೆಸುಗೆ ಮುಗಿದ ಮೇಲೇ ಸಿಕ್ಕಿಸು ಎಂದದ್ದೂ ಅವರೇ. ಈ ಒಂದು ಮಾತಿಲ್ಲದಿದ್ದರೆ ನನ್ನ ಹಕ್ಕಿಗಳು ರೆಕ್ಕೆ ಇಳಿಬಿಟ್ಟು ಕೂತಿರುತ್ತಿದ್ದವು.

‘ಇದು ಒಡವೆಯೋ ಆಟಿಕೆಯೋ’ ಎಂದು ಕೇಳಿದವರಿಗೂ ಥ್ಯಾಂಕ್ಸ್. ಎರಡೂ ಹೌದು! 18ನೇ ಶತಮಾನದ ಯುರೋಪಿನಲ್ಲೇ ವಜ್ರದ ಹೂಗಳನ್ನು ಪುಟ್ಟ ಸ್ಪ್ರಿಂಗುಗಳ ಮೇಲೆ ಕೂರಿಸಿ, ತೊಟ್ಟವರು ಅಲುಗಿದಾಗಲೆಲ್ಲ ನಡುಗುವಂತೆ ಮಾಡುತ್ತಿದ್ದರು. ಜರ್ಮನಿಯ ಫ್ರೀಡ್ರಿಖ್ ಬೆಕರ್ 1960ರ ದಶಕದಲ್ಲಿ ಚಲಿಸುವ ಒಡವೆಗಳನ್ನೇ ತನ್ನ ಕಲೆಯಾಗಿಸಿಕೊಂಡ. ನನ್ನದು ಹೊಸ ಹುಚ್ಚೇನಲ್ಲ.

ಆದರೆ ಅತಿ ಹೆಚ್ಚು ಕಲಿಸಿದವರು ಮೊದಮೊದಲು ಕೊಂಡು ತೊಟ್ಟವರು. ‘ಚೆನ್ನಾಗಿದೆ’ ಎಂದು ಸುಮ್ಮನಾಗದೆ, ‘ಕೂದಲು ಸಿಕ್ಕಿಕೊಳ್ಳುತ್ತೆ’, ‘ಸ್ವೆಟರಿನ ನೂಲು ಎಳೆಯುತ್ತೆ’, ‘ಮೀಟಿಂಗಲ್ಲಿ ಟಿಕ್‌ಟಿಕ್ ಅನ್ನುತ್ತೆ’ ಎಂದು ಬರೆದು ತಿಳಿಸಿದಿರಿ. ಸಂದು ಬಿಗಿಯಾದರೆ ಉಂಗುರ ತಿರುಗದು, ಸಡಿಲಾದರೆ ಕೂದಲಿಗೆ ಬಾಯಿ ಹಾಕುತ್ತದೆ. ಎರಡರ ನಡುವಿನ ಅಳತೆ ನನಗೆ ಸಿಕ್ಕಿದ್ದು ಕ್ಯಾಲಿಪರ್‌ನಿಂದಲ್ಲ, ನಿಮ್ಮ ದೂರುಗಳಿಂದ.

ಮನೆಯವರ ಬಗ್ಗೆ ಹೆಚ್ಚು ಹೇಳಿದರೆ ಅವರಿಗೇ ಮುಜುಗರ. ರಾತ್ರಿಯೆಲ್ಲ ಸುತ್ತಿಗೆ ಸದ್ದು ಸಹಿಸಿದ್ದಕ್ಕೆ, ನೆಲಕ್ಕೆ ಬಿದ್ದ ಪಿನ್ನುಗಳನ್ನು ಟಾರ್ಚ್ ಹಿಡಿದು ಹುಡುಕಿಕೊಟ್ಟಿದ್ದಕ್ಕೆ ನಿಮಗೆಲ್ಲ ನನ್ನ ಪ್ರೀತಿ.

ಈ ಸಲ ಹಕ್ಕಿ ಪದಕ ಕೊಂಡವರಲ್ಲಿ ಒಂದು ಕೋರಿಕೆ: ಪಾಲಿಶ್ ಪುಡಿ ಹಾಕಿ ಉಜ್ಜಬೇಡಿ, ಅದು ಕೀಲಿನೊಳಗೆ ಕೂರುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ರೆಕ್ಕೆ ಬಿಗಿಯಾದರೆ ಒತ್ತಾಯ ಮಾಡದೆ ನನಗೆ ಕಳಿಸಿ, ಸರಿಮಾಡಿಕೊಡುತ್ತೇನೆ.