ಹಳೆಯ ಕಾರಿಗೆ ಆಟೊಮ್ಯಾಟಿಕ್ ಎ.ಸಿ.: ಫಲಕ ಬದಲಿಸಿದರೆ ಸಾಲದು

ಮಾನ್ಯ ಸಂಪಾದಕರೇ,

ಹಳೆಯ ಕಾರಿನ ಮ್ಯಾನುಯಲ್ ಎ.ಸಿ.ಯನ್ನು, ನಾವು ಹೇಳಿದ ಉಷ್ಣಾಂಶವನ್ನು ತಾನಾಗಿಯೇ ಕಾಯ್ದುಕೊಳ್ಳುವ ಆಟೊಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್‌ಗೆ ಬದಲಿಸಿಕೊಡುವ ಗ್ಯಾರೇಜುಗಳು, ಏನೇನು ಭಾಗ ಹಾಕುತ್ತೇವೆ ಎಂಬುದನ್ನು ಗ್ರಾಹಕರಿಗೆ ಮುಂಚೆಯೇ ಬರೆದುಕೊಡಬೇಕೆಂದು ಕೋರುತ್ತೇನೆ. ಕಳೆದ ಬೇಸಿಗೆಯಲ್ಲಿ ನನ್ನ ಹದಿನಾಲ್ಕು ವರ್ಷದ ಕಾರಿಗೆ ಒಂದು ಗ್ಯಾರೇಜಿನವರು ಗುಜರಿಯಿಂದ ತಂದ ಡಿಜಿಟಲ್ ಫಲಕವನ್ನು ಕೂರಿಸಿದರು. ಅದರ ಮೇಲೆ 24 ಎಂಬ ಅಂಕಿ ಬೆಳಗುತ್ತಿತ್ತು. ಒಳಗೆ ಕುಳಿತವರಿಗೆ ಒಮ್ಮೆ ಚಳಿ, ಒಮ್ಮೆ ಸೆಕೆ. ಬೇರೊಬ್ಬ ಮೆಕ್ಯಾನಿಕ್ ಬಿಚ್ಚಿ ನೋಡಿದಾಗ, ಸ್ಟೇರಿಂಗ್ ಪಕ್ಕದ ಸಣ್ಣ ಜಾಲರಿಯ ಹಿಂದೆ ಇರಬೇಕಾದ, ಕಾರಿನ ಒಳಗಿನ ಉಷ್ಣಾಂಶ ಅಳೆಯುವ ಸೆನ್ಸರ್ ಇರಲೇ ಇಲ್ಲ.

ಮ್ಯಾನುಯಲ್ ಎ.ಸಿ. ಇರುವ ಅನೇಕ ಹಳೆಯ ಕಾರುಗಳಲ್ಲಿ ಗುಂಡಿ ತಿರುಗಿಸಿದಾಗ ಒಂದು ಕೇಬಲ್, ಬಿಸಿಗಾಳಿಯನ್ನೂ ತಂಪುಗಾಳಿಯನ್ನೂ ಬೆರೆಸುವ ಬಾಗಿಲನ್ನು ಎಳೆಯುತ್ತದೆ. ಆಟೊಮ್ಯಾಟಿಕ್‌ನಲ್ಲಿ ಆ ಕೆಲಸವನ್ನು ಸಣ್ಣ ಮೋಟಾರು ಮಾಡಬೇಕು. ಅದಕ್ಕೆ ಆಜ್ಞೆ ಕೊಡುವ ಘಟಕಕ್ಕೆ ಕಾರಿನ ಒಳಗಿನ ಮತ್ತು ಹೊರಗಿನ ಉಷ್ಣಾಂಶ, ಗಾಳಿಯನ್ನು ತಂಪು ಮಾಡುವ ಭಾಗವಾದ ಎವಾಪರೇಟರ್‌ನ ತಂಪು, ಹಲವು ಮಾದರಿಗಳಲ್ಲಿ ಬಿಸಿಲಿನ ತೀವ್ರತೆಯೂ ತಿಳಿಯಬೇಕು. ಗಾಳಿ ಬೀಸುವ ಫ್ಯಾನಾದ ಬ್ಲೋವರ್‌ಗೆ ಮೂರು-ನಾಲ್ಕು ಹಂತಗಳಲ್ಲಷ್ಟೇ ವೇಗ ಬದಲಿಸುವ ರೆಸಿಸ್ಟರ್ ಬದಲು ವೇಗವನ್ನು ನಯವಾಗಿ ಏರಿಳಿಸುವ ಮಾಡ್ಯೂಲ್ ಬೇಕಾಗುತ್ತದೆ, ವೈರಿಂಗ್ ಕೂಡ ಬೇರೆಯದೇ. ಇವೆಲ್ಲ ಅದೇ ಮಾದರಿಯ ಮೇಲ್ದರ್ಜೆಯ ಕಾರಿನಲ್ಲಿ ಇದ್ದರೆ ಮಾತ್ರ ಜೋಡಣೆ ಸುಲಭ.

ಎವಾಪರೇಟರ್ ಬಿಚ್ಚುವುದಾದರೆ ಇನ್ನೊಂದು ಮಾತಿದೆ. ಆಗ ಎ.ಸಿ.ಯೊಳಗಿನ ತಂಪುಕಾರಕ ಅನಿಲವನ್ನು ಮೊದಲು ಹೊರತೆಗೆಯಬೇಕು. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿರುವ ಆರ್-134ಎ ಎಂಬ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಅದನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂತೆಗೆದುಕೊಳ್ಳುವ ಸೌಲಭ್ಯ ಇಲ್ಲದ ಗ್ಯಾರೇಜುಗಳಿಗೆ ಈ ಕೆಲಸ ಮಾಡಲು ಸಾರಿಗೆ ಇಲಾಖೆ ಅವಕಾಶ ಕೊಡಬಾರದು.

— ಓದುಗ, ದಾವಣಗೆರೆ