ಅರ್ಜಿಯ ಮೇಲಿನ ಒಂದು ಸಾಲು

ಬಳ್ಳಾರಿ

ಪ್ರೀತಿಯ ತಂಗಿ,

ಸಿರುಗುಪ್ಪದಿಂದ ನೀನು ಕಳಿಸಿದ ರಾಜಕೀಯ ವಿಡಂಬನೆಯ ಮೂರು ಕಂತು ಓದಿದೆ. ಒಗ್ಗರಣೆ ಮಿರ್ಚಿ ತಿನ್ನುತ್ತಾ ಓದಿದ್ದರಿಂದ ಎರಡನೇ ಪುಟಕ್ಕೆ ಎಣ್ಣೆ ಹತ್ತಿದೆ, ಬೈಯಬೇಡ.

ನಿನ್ನ ಶಾಸಕ ತಿನ್ನುತ್ತಾನೆ, ಕೂಗುತ್ತಾನೆ, ಮೀಸೆ ತಿರುವುತ್ತಾನೆ, ಮತ್ತೆ ತಿನ್ನುತ್ತಾನೆ. ಮೊದಲ ಸಲ ನಕ್ಕೆ. ಮೂರನೇ ಕಂತಿಗೆ ನನಗೇ ಹೊಟ್ಟೆ ತುಂಬಿತು. ಹಿಂದೆ ಫೈಲು ಹಿಡಿದು ನಿಂತ ಪಿಎಗೆ ಮಾತ್ರ ಒಂದೇ ಮಾತು ಕೊಟ್ಟಿದ್ದೀಯ: 'ಆಯ್ತು ಸಾರ್'. ಕಥೆ ಇರೋದೇ ಅವನ ಹತ್ತಿರ ಅಲ್ವಾ?

ನಾನೂ ಹೀಗೇ ಬರೆದವನು. ಗಣಿ ಅಬ್ಬರದ ಕಾಲದಲ್ಲಿ ಒಂದು ಚಾನೆಲ್‌ಗೆ ವಾರವಾರ ಬರೆಯುತ್ತಿದ್ದೆ. ಅದಿರು ಲಾರಿ, ಕೆಂಪು ಧೂಳು, ಹೆಲಿಕಾಪ್ಟರ್. ಏನು ಬರೆದರೂ ಊರವರು 'ಇದೇನ್ರೀ, ನಿಜದಾಗ ಇದಕ್ಕಿಂತ ಜಾಸ್ತಿ ಐತಿ' ಅನ್ನುತ್ತಿದ್ದರು. 2011ರ ಜುಲೈನಲ್ಲಿ ಲೋಕಾಯುಕ್ತರ ಗಣಿ ವರದಿ ಬಂತು, ಮುಖ್ಯಮಂತ್ರಿಗಳೇ ರಾಜೀನಾಮೆ ಕೊಟ್ಟರು. ಸೋಮವಾರ ಬರೆದದ್ದು ಶನಿವಾರಕ್ಕೆ ಹಳಸುತ್ತಿತ್ತು. ಒಂದು ಕಂತನ್ನಂತೂ ಹೇಳದೆ ಕೇಳದೆ ತೆಗೆದರು. ಬೀಗರನ್ನೆಲ್ಲ ಕರೆದು ಟೀವಿ ಮುಂದೆ ಕೂರಿಸಿದ್ದೆ. ಜ್ಯೋತಿಷ್ಯ ಬಂತು.

ಬ್ರಿಟನ್ನಿನ ಟೀವಿ ಹಾಸ್ಯ ಧಾರಾವಾಹಿ 'ಯೆಸ್ ಮಿನಿಸ್ಟರ್' ಸಿಕ್ಕರೆ ನೋಡು. ಬರೆದವರು ಇಬ್ಬರು, ಆಂಟನಿ ಜೇ ಮತ್ತು ಜೊನಾಥನ್ ಲಿನ್. 1979ರ ಚುನಾವಣೆ ಮುಗಿಯಲಿ ಅಂತ ಬಿಬಿಸಿ ಅದನ್ನು ತಡೆದಿಟ್ಟು 1980ರಲ್ಲಿ ಬಿಟ್ಟಿತು. ಅದರಲ್ಲಿ ಮಂತ್ರಿಯ ಪಕ್ಷ ಯಾವುದು ಅಂತ ಎಲ್ಲೂ ಹೇಳುವುದಿಲ್ಲ. ಮಂತ್ರಿ ಏನೋ ಮಾಡಹೊರಡುತ್ತಾನೆ, ಕಾರ್ಯದರ್ಶಿ ಬಲು ವಿನಯದಿಂದ ಆಗದಂತೆ ನೋಡಿಕೊಳ್ಳುತ್ತಾನೆ. ಅಷ್ಟೇ. ಆ ಕಾಲದ ಮಂತ್ರಿಗಳ ಹೆಸರು ಗೊತ್ತಿಲ್ಲದ ನಾವೂ ಈಗ ಕೂತು ನಗುತ್ತೇವೆ.

ಆದರೆ ಒಂದು ವಿಷಯ ನನಗೆ ಈಗಲೂ ಚುಚ್ಚುತ್ತದೆ. ಆಗಿನ ಬ್ರಿಟನ್ ಪ್ರಧಾನಿ ಥ್ಯಾಚರ್ ಅವರಿಗೇ ಅದು ಅಚ್ಚುಮೆಚ್ಚಾಗಿತ್ತು. 1984ರಲ್ಲಿ ಆ ನಟರ ಜೊತೆ ತಾವೇ ಒಂದು ಪುಟ್ಟ ಪ್ರಹಸನ ಆಡಿದರು. ನನಗೂ ಹಾಗೇ ಆಯಿತು. ನಾನು ಅಣಕಿಸಿದ ನಾಯಕರೇ ಕರೆದು ಶಾಲು ಹೊದಿಸಿ, ಪೇಟ ತೊಡಿಸಿದರು. ಪಕ್ಕದವರಿಗೆ 'ನಿಮ್ಮನ್ನ ಚೆನ್ನಾಗಿ ಬೈತಾರೆ' ಅಂದರು! ಆ ಶಾಲು ಟ್ರಂಕಿನಲ್ಲಿದೆ. ಹೊದ್ದುಕೊಳ್ಳಲು ಮನಸ್ಸಾಗಿಲ್ಲ.

ನಾಲ್ಕನೇ ಕಂತಿಗೆ ಮೊದಲು ಒಂದು ವಾರ ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಸುಮ್ನೆ ಕೂತು ಬಾ. ಜನ ಮಂತ್ರಿಗೆ ಕೊಟ್ಟ ಅರ್ಜಿಯ ಮೇಲೆ ಮಂತ್ರಿ ಬರೆದ ಒಂದು ಸಾಲು ಇರುತ್ತದೆ: 'ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳಿ'. ರೈತ ಅದನ್ನು ವರ ಸಿಕ್ಕಂತೆ ಎದೆಗೊತ್ತಿಕೊಂಡು ಬರುತ್ತಾನೆ. ಅರ್ಜಿ ಜಿಲ್ಲಾ ಕಚೇರಿಗೆ ಹೋಗುತ್ತದೆ, ಅಲ್ಲಿಂದ ತಾಲ್ಲೂಕಿಗೆ, ತಾಲ್ಲೂಕಿಂದ ಹೋಬಳಿಗೆ. ಕೊನೆಗೆ ಯಾರ ಮೇಲೆ ದೂರಿತ್ತೋ ಅವರ ಮೇಜಿಗೇ ಬಂದು ಕೂರುತ್ತದೆ. ಆತ ತನ್ನ ಮೇಲಿನ ದೂರಿಗೆ ತಾನೇ ವರದಿ ಬರೆಯುತ್ತಾನೆ. ಇದನ್ನು ಯಾರ ಮೀಸೆಯನ್ನೂ ತಿರುವಿಸದೆ ಬರಿ ನೋಡೋಣ.

ಹಾಂ, ಆ ಪಿಎಗೆ ಒಂದು ಹೆಸರಾದರೂ ಇಡು.

ನಿನ್ನ ಅಣ್ಣ