ಕೂರದ ಪ್ಯಾನೆಲ್ಲನ್ನು ಬಿಗಿದು ಕೂರಿಸಿದ ಮಗನಿಗೆ

ಚಿರಂಜೀವಿ ಮಗನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ತೋಟದ ವಿಷಯ, ನಿನ್ನ ಅಜ್ಜಿಯ ಮಂಡಿ ನೋವಿನ ವಿಷಯ, ನೀನು ಗ್ಯಾರೇಜ್ ಇಟ್ಟದ್ದಕ್ಕೆ ನಿನ್ನ ಅಪ್ಪ ಆಡಿದ ಮಾತು, ಇವೆಲ್ಲ ನಿನಗೆ ಗೊತ್ತೇ ಇರುವುದರಿಂದ ಅವನ್ನು ಮತ್ತೆ ಬರೆದು ಹಾಳೆ ತುಂಬಿಸುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿದ್ದ ಒಂದು ಸಾಲು ನನ್ನ ನೆಮ್ಮದಿ ಕೆಡಿಸಿದೆ. ಅದಕ್ಕಾಗಿಯೇ ಕೂಡಲೇ ಬರೆಯುತ್ತಿದ್ದೇನೆ.

ಭದ್ರಾವತಿ ಕಡೆಯ ರೈತರೊಬ್ಬರ ಎಸಿ ಕ್ಯಾಬಿನ್ನಿನ ಟ್ರ್ಯಾಕ್ಟರಿನಲ್ಲಿ ಎಸಿ ಹಾಕಿದಾಗಲೆಲ್ಲ ಚಾಲಕನ ಹೆಗಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತೆಂದೂ, ಮೇಲಿನ ಒಳಪದರವನ್ನು ಇಳಿಸಿ ನೋಡಿದಾಗ ನೀರು ಹೊರಹೋಗುವ ಪೈಪು ಹುಲ್ಲಿನ ಧೂಳಿನಿಂದ ಕಟ್ಟಿಕೊಂಡಿತ್ತೆಂದೂ ನೀನು ಬರೆದದ್ದನ್ನು ಓದಿ ಸಂತೋಷವಾಯಿತು. ಎಸಿಯ ಗ್ಯಾಸ್ ಪೈಪುಗಳ ತಂಟೆಗೆ ಹೋಗದೆ, ಬರೀ ನೀರಿನ ದಾರಿಯನ್ನು ಹಿಡಿದು ಹುಡುಕಿದ್ದು ಬಹಳ ಸರಿಯಾದ ಕೆಲಸ. ಆದರೆ ಅದರ ಕೆಳಗೆ ಹೀಗೆ ಬರೆದಿದ್ದೀಯೆ: ಸೀಟಿನ ಹಿಂದಿನ ಬಲಗಡೆಯ ಕಂಬವನ್ನು ಮುಚ್ಚುವ ಪ್ಯಾನೆಲ್ ಮಾತ್ರ ಕೂರಲಿಲ್ಲ, ಮಂಡಿಯಿಂದ ಒತ್ತಿ ಹಿಡಿದೆ, ಹಳೆಯ ಸ್ಕ್ರೂ ಹಿಡಿಯದ ಕಾರಣ ಡಬ್ಬಿಯಲ್ಲಿದ್ದ ಉದ್ದದ ಸ್ಕ್ರೂ ಹಾಕಿ ಬಿಗಿದೆ, ಈಗ ಗಟ್ಟಿಯಾಗಿ ಕೂತಿದೆ, ಆದರೂ ಮನಸ್ಸಿಗೆ ಯಾಕೋ ಸಮಾಧಾನವಿಲ್ಲ.

ನಿನ್ನ ಮನಸ್ಸಿಗೆ ಸಮಾಧಾನವಿಲ್ಲದಿರುವುದೇ ಸರಿ, ಮಗಾ. ಬಿಚ್ಚುವ ಮೊದಲು ತಾನಾಗಿ ಕೂತಿದ್ದ ಪ್ಯಾನೆಲ್ ಹಾಕುವಾಗ ಕೂರುವುದಿಲ್ಲವೆಂದರೆ, ಅದರ ಹಿಂದೆ ಮೊದಲು ಇಲ್ಲದ ಏನೋ ಒಂದು ಬಂದಿದೆ ಎಂದೇ ಅರ್ಥ. ಮುರಿದ ಹಳೆಯ ಕ್ಲಿಪ್ಪಿನ ತುಂಡು ತೂತಿನಲ್ಲಿಯೇ ಉಳಿದಿರಬಹುದು. ಸದ್ದು ತಡೆಯಲು ಅಂಟಿಸಿದ ಫೋಮ್ ಮಡಚಿಕೊಂಡಿರಬಹುದು. ನೀನು ಈಗ ತಾನೇ ಸ್ವಚ್ಛ ಮಾಡಿದ ನೀರಿನ ಪೈಪು ಜಾರಿ ಪ್ಯಾನೆಲ್ಲಿನ ಕೆಳಗೆ ಸಿಕ್ಕಿಕೊಂಡಿರಬಹುದು. ಹಾಗಿದ್ದರೆ ಅದು ಅಮುಕಿ ಹೋಗಿ ಮತ್ತೆ ನೀರು ತೊಟ್ಟಿಕ್ಕುತ್ತದೆ, ಮಾಲೀಕರು ಮತ್ತೆ ಬರುತ್ತಾರೆ, ಅಷ್ಟೇ. ಈ ಮೂರರಲ್ಲಿ ಯಾವುದಾದರೂ ನನಗೆ ಭಯವಿಲ್ಲ. ಛಾವಣಿಯಲ್ಲಿ ಎಸಿಯ ಗಾಳಿ ಬೀಸುವ ಬ್ಲೋವರಿಗೆ, ಹಿಂದಿನ ಕೆಲಸದ ಲೈಟಿಗೆ, ವೈಪರಿಗೆ ಹೋಗುವ ವೈರುಗಳು ಬಹುಪಾಲು ಇಂಥ ಕಂಬಗಳೊಳಗಿನಿಂದಲೇ ಮೇಲೇರುತ್ತವೆ. ಆ ವೈರಿನ ಕಟ್ಟು ತನ್ನ ಹಿಡಿಕೆಯಿಂದ ಬಿಟ್ಟುಕೊಂಡು, ಪ್ಯಾನೆಲ್ಲಿನ ಒಳಬದಿಯ ಅಂಚಿಗೂ ಕಬ್ಬಿಣದ ಕಂಬಕ್ಕೂ ನಡುವೆ ಬಂದಿದ್ದರೆ, ನಿನ್ನ ಮಂಡಿಯ ಒತ್ತಡವೂ ಆ ಉದ್ದದ ಸ್ಕ್ರೂವಿನ ಬಿಗಿತವೂ ಪೂರ್ತಿಯಾಗಿ ಅದರ ಮೇಲೆಯೇ ಬಿದ್ದಿವೆ. ನನಗಿರುವುದು ಅದೊಂದರ ಭಯ.

ಗಾಡಿ ಹೋಗಿ ಎರಡು ವಾರವಾಯಿತು, ಎಲ್ಲ ಲೈಟೂ ಉರಿಯುತ್ತಿವೆ, ಬ್ಲೋವರೂ ತಿರುಗುತ್ತಿದೆ ಎಂದು ನೀನು ಬರೆದಿದ್ದೀಯೆ. ಆ ಮಾತು ನನಗೆ ಧೈರ್ಯ ಕೊಡುತ್ತಿಲ್ಲ. ಅಮುಕಿದ ವೈರು ಅಂದೇ ಶಾರ್ಟ್ ಆಗುವುದು ಅಪರೂಪ. ಮೊದಲು ಮೇಲಿನ ಪ್ಲಾಸ್ಟಿಕ್ ಹೊದಿಕೆ ಚಪ್ಪಟೆಯಾಗುತ್ತದೆ, ಆಮೇಲೆ ಟ್ರ್ಯಾಕ್ಟರಿನ ನಡುಕಕ್ಕೆ ಸ್ವಲ್ಪಸ್ವಲ್ಪವೇ ಸವೆಯುತ್ತದೆ, ತಿಂಗಳುಗಳ ನಂತರ ಎಂದೋ ಒಂದು ದಿನ ತಾಮ್ರ ಕಬ್ಬಿಣಕ್ಕೆ ತಗಲುತ್ತದೆ. ಅವರು ಆ ಟ್ರ್ಯಾಕ್ಟರಿಗೆ ಬೇಲರ್ ಕಟ್ಟಿ ಹುಲ್ಲಿನ ಪೆಂಡಿ ಹೊಡೆಯುತ್ತಾರೆಂದು ನೀನೇ ಹೇಳಿದ್ದೀಯೆ. ಭತ್ತದ ಒಣಹುಲ್ಲಿನ ನಡುವೆ ನಿಲ್ಲುವ ಗಾಡಿ ಅದು, ನೀರಿನ ಪೈಪು ಕಟ್ಟುವಷ್ಟು ಹುಲ್ಲಿನ ಧೂಳು ಅದರ ಛಾವಣಿಯೊಳಗೇ ಇತ್ತು. ಇದನ್ನು ಬರೆಯುವಾಗಲೂ ನನಗೆ ಸಂಕಟವಾಗುತ್ತದೆ.

ನಾನು ಕೆಲಸ ಕಲಿತ ಕಾಲದಲ್ಲಿ ನಮ್ಮ ಕಡೆ ಟ್ರ್ಯಾಕ್ಟರಿಗೆ ಕ್ಯಾಬಿನ್ ಎಂಬುದೇ ಇರಲಿಲ್ಲ. 1971ರಲ್ಲಿ ಎಚ್‌ಎಂಟಿಯವರು ಝೆಟರ್ ಎಂಬ ವಿದೇಶಿ ಕಂಪನಿಯ ಸಹಯೋಗದಲ್ಲಿ ತಯಾರಿಸಲು ಶುರುಮಾಡಿದ 25 ಅಶ್ವಶಕ್ತಿಯ ಗಾಡಿಗಳೂ, ಮ್ಯಾಸಿ ಫರ್ಗ್ಯುಸನ್ ಗಾಡಿಗಳೂ ನಮ್ಮ ಕೈಗೆ ಬಂದವು. ಅವುಗಳಲ್ಲಿ ವೈರೆಂದರೆ ಹೆಡ್‌ಲೈಟಿನದು, ಡೈನಮೋದ್ದು, ಸ್ಟಾರ್ಟರಿನದು, ಅದೂ ಎಲ್ಲ ಕಣ್ಣಿಗೆ ಕಾಣುವಂತೆಯೇ ಇರುತ್ತಿತ್ತು. ಮರೆಯಲ್ಲಿರುವ ವೈರಿನ ಪಾಠವನ್ನು ನಾನು ಕಲಿತದ್ದು ಜೀಪಿನಿಂದ. ಶಿವಮೊಗ್ಗದ ಸಾಗರ ರಸ್ತೆಯ ಗ್ಯಾರೇಜೊಂದರಲ್ಲಿ ನನ್ನ ಜೊತೆ ಒಬ್ಬ ಕೆಲಸಗಾರನಿದ್ದ. ಅವನಷ್ಟು ಹದವಾದ ಕೈಯನ್ನು ನಾನು ಮತ್ತೆ ನೋಡಿಲ್ಲ. ಅವನು ಡ್ಯಾಶ್‌ಬೋರ್ಡ್ ಬಿಚ್ಚಿ ಹಾಕಿದ ಜೀಪು ಮಳೆಗಾಲ ಪೂರ್ತಿ ಚೆನ್ನಾಗಿಯೇ ಓಡಿತು. ಅಡಿಕೆ ಕೊಯ್ಲಿನ ಸಮಯದಲ್ಲಿ, ನಿಲ್ಲಿಸಿದ ಜಾಗದಲ್ಲಿಯೇ ಹೊತ್ತಿಕೊಂಡಿತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಆಮೇಲೆ ಸುಟ್ಟದ್ದನ್ನು ಕಿತ್ತು ನೋಡಿದಾಗ, ಬ್ರಾಕೆಟ್ಟಿನ ಅಂಚಿನ ಕೆಳಗೆ ಒಂದೇ ಒಂದು ವೈರು ಸಿಕ್ಕಿಕೊಂಡು ಚಪ್ಪಟೆಯಾಗಿತ್ತು. ಅದರ ತಾಮ್ರದ ಎಳೆಗಳ ತುದಿ ಕರಗಿ ಸಾಸಿವೆಕಾಳಿನಂಥ ಗುಂಡುಗಳಾಗಿ ಅಂಚಿಗೆ ಅಂಟಿಕೊಂಡಿದ್ದವು. ಅವನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದ, ಏನೂ ಮಾತನಾಡಲಿಲ್ಲ. ತಿಂಗಳೊಳಗೆ ಕೆಲಸ ಬಿಟ್ಟು ಊರಿಗೆ ಹೋದ. ಮರೆಯಾಗುವ ಜಾಗವನ್ನು ಮುಚ್ಚುವ ಮೊದಲು ಇನ್ನೊಬ್ಬರನ್ನು ಕರೆದು ತೋರಿಸುವ ಪದ್ಧತಿ ಆ ಗ್ಯಾರೇಜಿನಲ್ಲಿ ಯಾರಿಗೂ ಇರಲಿಲ್ಲ, ಆದರೂ ಹೊರೆಯೆಲ್ಲ ಅವನೊಬ್ಬನ ತಲೆಯ ಮೇಲೆ ಬಿತ್ತು. ಆ ದಿನ ಅವನ ಪಕ್ಕಕ್ಕೆ ನಿಂತು ಅಷ್ಟನ್ನು ಹೇಳುವವರು ಒಬ್ಬರಾದರೂ ಇರಬೇಕಿತ್ತು ಎಂದು ನಾನು ಈಗಲೂ ಕೊರಗುತ್ತೇನೆ.

ಅದಕ್ಕೇ ಹೇಳುತ್ತಿದ್ದೇನೆ, ಆ ಗಾಡಿಯನ್ನು ವಾಪಸ್ ತರಿಸು. ಬೇಲರ್ ಕೆಲಸ ಶುರುವಾಗುವ ಮೊದಲೇ ತರಿಸು. ತರಲು ಪುರಸೊತ್ತಿಲ್ಲವೆಂದು ಅವರು ಹೇಳಿದರೆ ನೀನೇ ಬೈಕಿನಲ್ಲಿ ಹೋಗಿ ಅವರ ಅಂಗಳದಲ್ಲಿಯೇ ಬಿಚ್ಚು. ಒಂದೇ ಪ್ಯಾನೆಲ್ಲಿನ ಕೆಲಸ ಅದು. ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆ, ಹಾಕುವಾಗ ಅದನ್ನು ಕೊನೆಗೆ ಹಾಕು. ಪಾಸಿಟಿವ್ ಮೊದಲು ಬಿಚ್ಚಲು ಹೋದರೆ ಸ್ಪ್ಯಾನರ್ ಗಾಡಿಯ ಕಬ್ಬಿಣಕ್ಕೆ ತಗುಲಿದ ಕ್ಷಣ ಕಿಡಿ ಹಾರುತ್ತದೆ, 12 ವೋಲ್ಟ್ ತಾನೇ ಎಂದು ಹಗುರವಾಗಿ ನೋಡುವ ಹಾಗಿಲ್ಲ. ಇದು ನಿನಗೆ ತಿಳಿಯದ್ದೇನಲ್ಲ. ಬರೆಯದಿದ್ದರೆ ನನಗೇ ನಿದ್ದೆ ಬರುವುದಿಲ್ಲವೆಂದು ಬರೆದೆ.

ಆ ಉದ್ದದ ಸ್ಕ್ರೂವನ್ನು ತೆಗೆದ ಕೂಡಲೇ ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡು. ಥ್ರೆಡ್ಡಿನ ಸಂದಿಯಲ್ಲಿ ಬಣ್ಣದ ಪ್ಲಾಸ್ಟಿಕ್ಕಿನ ಚೂರು ಅಥವಾ ತಾಮ್ರದ ಹೊಳಪು ಇದ್ದರೆ ಅದು ವೈರಿಗೆ ನಾಟಿತ್ತೆಂದೇ ತಿಳಿ. ಇಲ್ಲದಿದ್ದರೂ ಅದನ್ನು ಅಲ್ಲಿ ಮತ್ತೆ ಹಾಕಬೇಡ. ಕ್ಯಾಬಿನ್ನಿನ ಸ್ಕ್ರೂಗಳು ಒಂದೊಂದು ಕಡೆ ಒಂದೊಂದು ಉದ್ದವಿರುವುದಕ್ಕೆ ಕಾರಣವಿರುತ್ತದೆ. ಛಾವಣಿಯಲ್ಲಾದರೆ ಉದ್ದದ ಸ್ಕ್ರೂ ನೇರವಾಗಿ ಎಸಿಯ ಕಾಯಿಲಿಗೇ ಹೋಗಿ ನಾಟಬಹುದು. ಹಳೆಯ ಸ್ಕ್ರೂ ಹಿಡಿಯಲಿಲ್ಲವೆಂದೆಯಲ್ಲ, ಅದು ಥ್ರೆಡ್ ಹೋಗಿದ್ದರಿಂದಲೋ ಅಥವಾ ಪ್ಯಾನೆಲ್ ಮೇಲೆದ್ದು ನಿಂತಿದ್ದರಿಂದ ಸ್ಕ್ರೂ ತೂತಿನವರೆಗೆ ಮುಟ್ಟದೇ ಹೋದದ್ದರಿಂದಲೋ? ನನಗೆ ಎರಡನೆಯದೇ ನಿಜವೆನ್ನಿಸುತ್ತದೆ, ಹಾಗಾಗಿಯೇ ಇಷ್ಟು ಹೆದರಿದ್ದೇನೆ. ಒಂದು ವೇಳೆ ಕಂಬಕ್ಕೆ ಹೊಸ ತೂತು ಕೊರೆದಿದ್ದರೆ ಮುಚ್ಚಿಡಬೇಡ, ನನಗೆ ಹೇಳು. ಕಂಪನಿಯಿಂದ ಬಂದ ಕ್ಯಾಬಿನ್ನಿನ ಕಂಬಗಳು ಗಾಡಿ ಮಗುಚಿದಾಗ ಚಾಲಕನ ಜೀವ ಉಳಿಸಬೇಕಾದವು, ಅವಕ್ಕೆ ಡ್ರಿಲ್ಲು, ವೆಲ್ಡಿಂಗು ಎರಡೂ ಸಲ್ಲದು.

ಪ್ಯಾನೆಲ್ ತೆಗೆದ ಮೇಲೆ ವೈರಿನ ಕಟ್ಟನ್ನು ಮೇಲಿನಿಂದ ಕೆಳಗಿನವರೆಗೆ ಬೆರಳಿನಲ್ಲಿ ಸವರಿಕೊಂಡು ಬಾ. ಚಪ್ಪಟೆಯಾದ ಜಾಗ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಕಬ್ಬಿಣದ ತಗಡಿನ ತೂತಿನ ಮೂಲಕ ವೈರು ಹಾಯುವಲ್ಲಿ ರಬ್ಬರ್ ಬುಷ್ ಇರಬೇಕು. ಅದು ಕಳಚಿ ಒಂದು ಕಡೆ ಸರಿದಿದ್ದರೆ ತಗಡಿನ ಅಂಚೇ ಕತ್ತರಿಸುವ ಕೆಲಸ ಮಾಡುತ್ತದೆ. ಅಲ್ಲಿ ಇಲಿಯ ಹಿಕ್ಕೆಯೋ ಗೂಡಿನ ಹುಲ್ಲೋ ಕಂಡರೆ ಇನ್ನೂ ಸ್ವಲ್ಪ ಮೇಲಕ್ಕೆ ಬಿಚ್ಚಿ ನೋಡು, ನಮ್ಮ ಕಡೆಯ ಕೊಟ್ಟಿಗೆಯಲ್ಲಿ ನಿಲ್ಲುವ ಯಾವ ಗಾಡಿಯನ್ನೂ ಇಲಿ ಬಿಡುವುದಿಲ್ಲ. ಗಾಯವಾದ ವೈರಿಗೆ ಬರೀ ಟೇಪು ಸುತ್ತಿ ಬಿಡುವುದು ನನಗೆ ಇಷ್ಟವಿಲ್ಲ. ಆ ಭಾಗವನ್ನು ಕತ್ತರಿಸಿ, ಅದೇ ದಪ್ಪದ ವೈರು ಸೇರಿಸಿ, ಸೋಲ್ಡರ್ ಮಾಡಿ, ಸ್ಲೀವ್ ಹಾಕಿ, ಕಟ್ಟನ್ನು ಅದರ ಹಿಡಿಕೆಗೆ ಮತ್ತೆ ಸಿಕ್ಕಿಸಿದ ಮೇಲೆ ಪ್ಯಾನೆಲ್ ಹಿಡಿ. ಆಗ ಅದು ಅಂಗೈಯ ಒತ್ತಡಕ್ಕೇ ಕೂರುತ್ತದೆ. ಅಂಗೈಗೆ ಕೂರದಿದ್ದರೆ ಮತ್ತೆ ತೆಗೆದು ನೋಡು, ಮಂಡಿ ಮಾತ್ರ ಹಚ್ಚಬೇಡ.

ಬಿಚ್ಚದೆಯೇ ಪರೀಕ್ಷೆ ಮಾಡಲು ಬರುವುದಿಲ್ಲವೇ ಎಂದು ನೀನು ಕೇಳಬಹುದು. ನೆಗೆಟಿವ್ ಕೇಬಲ್ಲಿಗೂ ಬ್ಯಾಟರಿಗೂ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದು, ಎಲ್ಲ ಆಫ್ ಇರುವಾಗ ಅದು ಉರಿಯುತ್ತದೆಯೇ ಎಂದು ನೋಡುವ ಪದ್ಧತಿ ಇದೆ. ಆದರೆ ಬ್ಲೋವರಿನಂಥವುಗಳ ವೈರಿಗೆ ಕೀ ತಿರುಗಿಸಿದ ಮೇಲೆಯೇ ಕರೆಂಟ್ ಬರುವುದರಿಂದ ಈ ಪರೀಕ್ಷೆಗೆ ಅವು ಸಿಗುವುದಿಲ್ಲ. ಇನ್ನೂ ಪೂರ್ತಿ ಸವೆಯದ ವೈರಂತೂ ಯಾವ ಪರೀಕ್ಷೆಗೂ ಸಿಗುವುದಿಲ್ಲ. ಮೀಟರ್ ಹಿಡಿದು ಕೆಲಸ ಮಾಡುವುದನ್ನು ನಾನು ಬಹಳ ತಡವಾಗಿ ಕಲಿತೆ. ನಮ್ಮ ಮೇಸ್ತ್ರಿ ಬಾಯಿಬಿಟ್ಟು ಕಾರಣ ಹೇಳುವವರಲ್ಲ, ನಮಗೆ ಕೇಳುವ ಧೈರ್ಯವಿರಲಿಲ್ಲ, ಅವರು ತೀರಿಕೊಂಡ ಮೇಲೆ ಎಷ್ಟೋ ಪ್ರಶ್ನೆಗಳು ನನ್ನಲ್ಲಿಯೇ ಉಳಿದುಹೋದವು. ನೀನು ಹಾಗಲ್ಲ, ಮನಸ್ಸಿಗೆ ಬಂದದ್ದನ್ನು ಬರೆಯುತ್ತೀಯೆ. ಆ ಒಂದು ಸಾಲನ್ನು ಬರೆಯದೇ ಬಿಡಬಹುದಿತ್ತು, ಆದರೂ ಬರೆದೆ, ಅದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಗಾಡಿ ಕೈಗೆ ಬರುವವರೆಗೆ ಇನ್ನೊಂದು ಮಾತನ್ನು ಮಾಲೀಕರಿಗೆ ಫೋನ್ ಮಾಡಿ ಇಂದೇ ಹೇಳು. ಬ್ಲೋವರಿನದೋ ಲೈಟಿನದೋ ಫ್ಯೂಸ್ ಹೋದರೆ ಹೊಸದು ಹಾಕಿ ಓಡಿಸುವುದು ಬೇಡ, ಗಾಡಿ ನಿಲ್ಲಿಸಿ ನಿನಗೆ ತಿಳಿಸಲಿ. ನಮ್ಮ ಜನ 15 ಆಂಪಿಯರಿನ ನೀಲಿ ಫ್ಯೂಸ್ ಎರಡು ಸಲ ಹೋಯಿತೆಂದರೆ ಅದೇ ಜಾಗಕ್ಕೆ 30ರ ಹಸಿರು ಸಿಕ್ಕಿಸುತ್ತಾರೆ, ಅದೂ ಇಲ್ಲದಿದ್ದರೆ ತಂತಿಯ ಚೂರನ್ನೇ ಸುತ್ತುತ್ತಾರೆ. ಫ್ಯೂಸ್ ಸುಟ್ಟರೆ ವೈರು ಉಳಿಯುತ್ತದೆ, ದಪ್ಪ ಫ್ಯೂಸ್ ಹಾಕಿದರೆ ಪ್ಯಾನೆಲ್ಲಿನ ಹಿಂದೆ ವೈರೇ ಕಾದು ಕೆಂಪಾಗುತ್ತದೆ. ಕ್ಯಾಬಿನ್ನಿನಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂದರೂ ಕೂಡಲೇ ಎಂಜಿನ್ ನಿಲ್ಲಿಸಿ ಇಳಿಯಲು ಹೇಳು.

ಕೆಲಸ ಮುಗಿಸಿ ಹಣ ತೆಗೆದುಕೊಂಡ ಮೇಲೆ ಮತ್ತೆ ಬಿಚ್ಚಬೇಕೆಂದು ಹೇಳಲು ಸಂಕೋಚವಾಗುವುದು ನನಗೆ ತಿಳಿಯುತ್ತದೆ, ಅದರಲ್ಲಿಯೂ ಹೊಸ ಗ್ಯಾರೇಜು, ಊರಿನವರ ಕಣ್ಣೆಲ್ಲ ನಿನ್ನ ಮೇಲೆ. ಒಂದು ವೈರು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ನನಗೆ ಅನುಮಾನವಿದೆ, ನೋಡಿಬಿಡುತ್ತೇನೆ, ಇದಕ್ಕೆ ಹಣ ಬೇಡ ಎಂದಷ್ಟೇ ಹೇಳು. ಟ್ರ್ಯಾಕ್ಟರಿಗೆ ಅಷ್ಟು ಹಣ ಸುರಿದವರು ಬೇಡವೆನ್ನಲಾರರು. ನಿನ್ನ ಅಪ್ಪನಿಗೆ ಈ ವಿಷಯ ನಾನು ಹೇಳಿಲ್ಲ, ಹೇಳುವುದೂ ಇಲ್ಲ.

ಬಿಚ್ಚುವ ದಿನ ಮುಂಚಿತವಾಗಿ ತಿಳಿಸಿದರೆ ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟು ಬರುತ್ತೇನೆ. ನನ್ನ ಕಣ್ಣು ಈಗ ಅಷ್ಟು ಚುರುಕಿಲ್ಲ, ಬೆರಳು ಮಾತ್ರ ಚೆನ್ನಾಗಿದೆ. ಬರುವುದು ಬೇಡವೆನ್ನಿಸಿದರೆ ಪ್ಯಾನೆಲ್ ತೆಗೆದ ಕೂಡಲೇ, ವೈರನ್ನು ಸರಿಸುವ ಮೊದಲು, ಮೊಬೈಲಿನಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೆದು ನಿನ್ನ ತಂಗಿಯ ನಂಬರಿಗೆ ಕಳಿಸು, ಅವಳು ನನಗೆ ತೋರಿಸುತ್ತಾಳೆ.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಪ್ಪ